ಕೊನೆಯ ಬೆಂಚಿಗೆ ಎರಡು ನಿಮಿಷ

ನಮ್ಮೂರಿನಲ್ಲಿ ಹೊಲಕ್ಕೆ ಹೋದ ಗಂಡನನ್ನು ಮಧ್ಯಾಹ್ನದ ಊಟಕ್ಕೆ ಕರೆಯಬೇಕಾದರೆ ಬೆಳಿಗ್ಗೆ ಹತ್ತಕ್ಕೇ ಬಾಗಿಲಲ್ಲಿ ನಿಂತು ಕೂಗಿಬಿಡಬೇಕು. ಕೂಗಿ ಬಂದು ಒಲೆ ಹಚ್ಚಿ, ರೊಟ್ಟಿ ಬಡಿದು, ಪಲ್ಯ ಇಳಿಸಿ, ಅಂಗಳಕ್ಕೆ ಒಂದು ಸಲ ಕಸಬರಿಗೆ ಆಡಿಸುವ ಹೊತ್ತಿಗೆ ಕೂಗು ಅವನನ್ನು ಮುಟ್ಟಿರುತ್ತದೆ. ತರಕಾರಿ ಗಾಡಿಯವನು ಓಣಿ ದಾಟಿ ಹೋದ ಮೇಲೆ ಅವನ ಬದನೆಕಾಯಿಯ ಕೂಗು ಬರುತ್ತದೆ. ಗಾಡಿ ಕಣ್ಣಿಗೆ ಬಿದ್ದಾಗಲೇ ಬುಟ್ಟಿ ಹಿಡಿದು ಹೊರಡದವಳು ಆ ದಿನ ಬರೀ ಬೇಳೆಸಾರಿನಲ್ಲಿ ಸುಧಾರಿಸಿಕೊಳ್ಳಬೇಕು. ಓಣಿಯ ಎರಡು ತುದಿಯಲ್ಲಿ ನಿಂತು ಜಗಳವಾಡುವವರ ಪಾಡಂತೂ ಹೇಳತೀರದು. ಬೈಗುಳ ಬಂದು ಮುಟ್ಟುವಾಗ ಬೈದವಳೇ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿರುತ್ತಾಳೆ. ಇಬ್ಬರೂ ಅದನ್ನು ಕೇಳಿಸಿಕೊಂಡು, ಮುಖ ಮುಖ ನೋಡಿಕೊಂಡು, ಇನ್ನರ್ಧ ಕಪ್ಪು ಹಾಕಿಕೊಳ್ಳುತ್ತಾರೆ. ಕೈಯಳತೆಯಲ್ಲಿ ಆಡಿದ ಮಾತು ಮಾತ್ರ ಆಗಿಂದಾಗ ಕೇಳಿಸುತ್ತದೆ. ಹಾಗಾಗಿ ಮುಖ್ಯವಾದದ್ದೇನಿದ್ದರೂ ಹತ್ತಿರ ಹೋಗಿ ಹೇಳುವುದು ನಮ್ಮ ರೂಢಿ.

ಇನ್ನೊಂದು ರೂಢಿಯೂ ಇದೆ. ಸಿಟ್ಟಿನಲ್ಲಿ ದೂರದಿಂದ ಏನಾದರೂ ಅಂದುಬಿಟ್ಟು, ಅಂದ ಮೇಲೆ ಎದೆ ಚುಚ್ಚಿತೆಂದರೆ, ಓಡಬೇಕು. ಮಾತಿಗಿಂತ ಮೊದಲು ಹೋಗಿ ಮುಟ್ಟಿ, ಆ ಮನುಷ್ಯರ ಎರಡೂ ಕಿವಿಯನ್ನು ಅಂಗೈಯಿಂದ ಮುಚ್ಚಿ ನಿಲ್ಲಬೇಕು. ಮಾತು ಹಾದುಹೋದ ಮೇಲೆ ಕೈ ತೆಗೆಯಬೇಕು. ಅದೇನಾಗಿತ್ತು ಅಂತ ಯಾರೂ ಕೇಳುವುದಿಲ್ಲ, ಓಡಿಬಂದವರೂ ಹೇಳುವುದಿಲ್ಲ. ಹೀಗೆ ಓಡುವವರು ಎದುರಾದರೆ ಎತ್ತಿನ ಗಾಡಿಯೂ ಬದಿಗೆ ಸರಿದು ದಾರಿ ಬಿಡುತ್ತದೆ. ನಮ್ಮ ಮನೆಯವರು ಪೋಸ್ಟಾಫೀಸಿನಲ್ಲಿದ್ದವರು. ಮದುವೆಯಾದ ಎರಡನೇ ವರ್ಷ ಒಮ್ಮೆ ಓಣಿಯ ತುದಿಯಿಂದ ಏನೋ ಕೂಗಿ, ಮರುಗಳಿಗೆ ಧೋತರ ಎತ್ತಿ ಹಿಡಿದು ಓಡಿಬಂದು ಹೊಸ್ತಿಲಲ್ಲೇ ನನ್ನ ಕಿವಿ ಮುಚ್ಚಿದ್ದರು. ಅಂಗೈಗೆ ಅಂಟಿನ ವಾಸನೆ ಇತ್ತು. ಅವರು ಹೋಗಿ ಹನ್ನೊಂದು ವರ್ಷವಾಯಿತು, ಆ ಮಾತೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಇಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೆಸರು ನೀಲಾಂಬಿಕಾ, ಹುಡುಗಿಯರಿಗೆ ಬರೀ ಅಕ್ಕೋರು. ನನ್ನ ತರಗತಿ ನಡೆಯುವುದು ಹಿಂದೆ ಹತ್ತಿ ಅಂಡಿಗೆ ಒಟ್ಟುತ್ತಿದ್ದ ಗೋದಾಮಿನಲ್ಲಿ. ಅಗಲ ಕಡಿಮೆ, ಉದ್ದ ವಿಪರೀತ. ಒಂದರ ಹಿಂದೊಂದು ಮೂವತ್ತಾರು ಬೆಂಚು, ಬೆಂಚಿಗೆ ನಾಲ್ವರು, ಒಟ್ಟು ನೂರಾ ನಲವತ್ತನಾಲ್ಕು ಹುಡುಗಿಯರು. ಹಲಗೆಯ ಹತ್ತಿರ ನಿಂತು ನಾನು ಆಡಿದ ಮಾತು ಕೊನೆಯ ಬೆಂಚಿಗೆ ಹೋಗಿ ಮುಟ್ಟಲು ಎರಡು ನಿಮಿಷ ಬೇಕು. ಅಲ್ಲಿಂದ ಉತ್ತರ ಬರಲು ಇನ್ನೆರಡು. ನಲವತ್ತೈದು ನಿಮಿಷದ ಪಿರಿಯಡ್ಡಿನಲ್ಲಿ ಕೊನೆಯ ಬೆಂಚಿನೊಂದಿಗೆ ಹನ್ನೊಂದು ಪ್ರಶ್ನೆ ಆಡಿದರೆ ಗಂಟೆ ಬಾರಿಸುತ್ತದೆ. ಎದ್ದು ಅಲ್ಲಿಯವರೆಗೆ ನಡೆದು ಹೋಗಬಹುದಿತ್ತಲ್ಲ ಅಂತ ನೀವು ಕೇಳಿದರೆ, ನನಗೆ ಐವತ್ತಾರು ವಯಸ್ಸು, ಬಲಮಂಡಿ ನೋಯುತ್ತದೆ ಎಂದು ಹೇಳಿ ನಾನು ತಪ್ಪಿಸಿಕೊಳ್ಳುತ್ತಿದ್ದೆ.

ಇಷ್ಟು ಜನರಲ್ಲಿ ಯಾರು ಕಿವಿಗೊಟ್ಟಿದ್ದಾರೆ, ಯಾರು ಸುಮ್ಮನೆ ಕಣ್ಣು ಬಿಟ್ಟುಕೊಂಡು ಕೂತಿದ್ದಾರೆ ಎಂದು ಕಂಡುಹಿಡಿಯುವುದಕ್ಕೆ ನನ್ನದೇ ಒಂದು ಪದ್ಧತಿ ಇತ್ತು. ಅದರ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು. ನಾನು ಒಂದು ವಾಕ್ಯ ಹೇಳುತ್ತೇನೆ. ಮಾತು ಬಂದು ಮುಟ್ಟಿದವರು ಎಡಗೈ ಒಮ್ಮೆ ಎತ್ತಿ ಇಳಿಸಿ, ಆಮೇಲೆ ಬರೆಯಬೇಕು. ಕೈ ಮೊದಲು, ಪೆನ್ನು ಆಮೇಲೆ. ಜೋಳದ ಹೊಲದ ಮೇಲೆ ಗಾಳಿ ಸರಿದ ಹಾಗೆ ಕೈಗಳು ಬೆಂಚಿನಿಂದ ಬೆಂಚಿಗೆ ಎದ್ದು ಇಳಿಯುತ್ತ ಹೋಗುವುದನ್ನು ನೋಡುತ್ತ ನಿಲ್ಲುವುದು ನನಗೆ ಬಹಳ ಇಷ್ಟ. ಕೈ ಎತ್ತುವುದಕ್ಕೆ ಮೊದಲೇ ಪೆನ್ನು ಓಡಿಸಿದವಳು ಮುಂದಿನ ಬೆಂಚಿನ ಹಾಳೆ ನೋಡಿ ಬರೆಯುತ್ತಿದ್ದಾಳೆ ಎಂದೇ ಲೆಕ್ಕ. ತಮಾಷೆಯ ಮಾತಿಗೂ ಅಷ್ಟೇ. ನಗು ಹತ್ತನೇ ಬೆಂಚಿನಲ್ಲಿರುವಾಗ ಮೂವತ್ತನೇ ಬೆಂಚಿನವಳು ನಕ್ಕರೆ ಅವಳು ಕೇಳುತ್ತಿಲ್ಲ, ನೋಡುತ್ತಿದ್ದಾಳೆ. ವರ್ಷದ ಮೊದಲ ದಿನ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ, ಬಂದದ್ದನ್ನೆಲ್ಲ ಕೇಳಿಸಿಕೊಳ್ಳಿ, ಬೇಕಾದದ್ದನ್ನು ಮಾತ್ರ ಕೇಳುವವರಿಗೆ ನನ್ನ ಹತ್ತಿರ ಮಾರ್ಕ್ಸಿಲ್ಲ.

ಫಕೀರವ್ವ ಕೂರುತ್ತಿದ್ದದ್ದು ಮೂವತ್ತಾರನೇ ಬೆಂಚಿನ ಗೋಡೆಯ ಕಡೆಗೆ. ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಯುವವರ ಮಗಳು, ಸಣಕಲು ಹುಡುಗಿ, ಎರಡು ಜಡೆ. ನರ್ಸ್ ಆಗಬೇಕೆಂದು ಅವಳಿಗೆ ಆಸೆ ಇರುವುದು ಶಾಲೆಗೆಲ್ಲ ಗೊತ್ತಿತ್ತು, ಏಕೆಂದರೆ ಯಾರಿಗೆ ಜ್ವರ ಬಂದರೂ ಹಣೆ ಮುಟ್ಟಿ ನೋಡಲು ಅವಳೇ ಮೊದಲು ಹಾಜರು. ಪಕ್ಕದ ಪಟ್ಟಣದ ನರ್ಸಿಂಗ್ ಶಾಲೆಗೆ ಇಂಗ್ಲಿಷ್ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ. ಇಂಥ ಹುಡುಗಿಯೇ ಪ್ರತಿ ಸಲ ಪೆನ್ನು ಮೊದಲು, ಕೈ ಆಮೇಲೆ. ನಗುವುದಂತೂ ಇನ್ನೂ ಮೊದಲು. ನಾನು ತಮಾಷೆ ಹೇಳಲು ಬಾಯಿ ತೆರೆದರೆ ಸಾಕು, ಅಷ್ಟು ದೂರದಲ್ಲಿ ಅವಳ ಹಲ್ಲು ಹೊಳೆಯುತ್ತಿತ್ತು. ಮೂರು ತಿಂಗಳು ನೋಡಿದೆ. ನನ್ನ ಡೈರಿಯಲ್ಲಿ ಅವಳ ಹೆಸರಿನ ಮುಂದೆ ನೋಡಿ ಬರೆಯುವವಳು ಎಂದು ಗುರುತು ಹಾಕಿದೆ. ಒಂದು ದಿನ ಹತ್ತಿರ ಕರೆದು ಯಾಕವ್ವ ಹೀಗೆ ಅಂತ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ವರ್ಷ ಮೇಲಿನಿಂದ ಒಂದು ಆದೇಶ ಬಂತು. ಇಷ್ಟು ದೊಡ್ಡ ತರಗತಿ ನಡೆಸುವಂತಿಲ್ಲ. ಕೇಳಿಸಿಕೊಳ್ಳುವ ಪರೀಕ್ಷೆ ಮಾಡಿ, ಕಡಿಮೆ ಅಂಕದ ಐವತ್ತು ಹುಡುಗಿಯರನ್ನು ಇಂಗ್ಲಿಷಿನಿಂದ ಬಿಡಿಸಿ ಹೊಲಿಗೆ ತರಗತಿಗೆ ಕಳಿಸಿ. ಪರೀಕ್ಷೆಯ ದಿನ ಎದುರಿಗೆ ಕೂರಲು ಬಳಿಗಾರ ಸಾಹೇಬರೆಂಬ ಅಧಿಕಾರಿ ಬಂದರು. ಹೊರಗಿನವರು, ನಮ್ಮೂರಿನ ರೀತಿ ಗೊತ್ತಿಲ್ಲ. ಬಂದವರೇ ಗೇಟಿನಿಂದ ನನಗೆ ನಮಸ್ಕಾರ ಹೇಳಿ, ಉತ್ತರ ಬರಲಿಲ್ಲವೆಂದು ಮುಖ ಗಂಟು ಹಾಕಿಕೊಂಡಿದ್ದರು. ಅವರು ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳುವಾಗ ಅವರ ನಮಸ್ಕಾರ ಬಂತು, ನಾನು ಪ್ರತಿನಮಸ್ಕಾರ ಮಾಡಿದೆ.

ಹತ್ತು ವಾಕ್ಯದ ಪರೀಕ್ಷೆ. ಒಂದು ವಾಕ್ಯ ಹೇಳಿ, ಕೊನೆಯ ಬೆಂಚಿನ ಕೈ ಇಳಿದು ಬರೆದು ಮುಗಿಯುವತನಕ ಕಾದು, ಇನ್ನೊಂದು. ಮುಂದಿನ ಬೆಂಚಿನವರು ಅಷ್ಟರಲ್ಲಿ ಬರೆದು ಮುಗಿಸಿ ಜಡೆ ಬಿಚ್ಚಿ ಹೆಣೆದುಕೊಳ್ಳುತ್ತಿದ್ದರು. ಸಾಹೇಬರಿಗೆ ಬೇಸರ ಹತ್ತಿತು. ಮೇಜಿನ ಮೇಲೆ ಹಿಂದಿನ ದಿನ ನಾನು ಕೂಡಿಸಿ ತಂದ ಅಭ್ಯಾಸದ ನೋಟುಬುಕ್ಕುಗಳ ಗುಡ್ಡೆ ಇತ್ತು, ಅದನ್ನು ತಿರುವಿಹಾಕುತ್ತ ಕೂತರು. ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಆ ಗುಡ್ಡೆಯಲ್ಲಿ ನಾನು ಮೇಲಿನ ನಲವತ್ತನ್ನು ಓದುತ್ತಿದ್ದೆ. ಉಳಿದವಕ್ಕೆ ಮುಚ್ಚಿದ ಹಾಗೇ ಹೊರಗಡೆ ಒಂದು ಕೆಂಪು ಗುರುತು ಎಳೆದು ವಾಪಸ್ಸು ಕೊಡುತ್ತಿದ್ದೆ. ಮೇಲಿನ ನಲವತ್ತು ಯಾವಾಗಲೂ ಮೊದಲ ಹತ್ತು ಬೆಂಚಿನವು.

ಒಂಬತ್ತನೇ ವಾಕ್ಯ ಹೇಳಿದೆ. ಎಲ್ಲರೂ ಬಂದ ಮೇಲೆಯೇ ಬಸ್ಸು ಹೊರಡುತ್ತದೆ, ಎಂಬುದರ ಇಂಗ್ಲಿಷು. ಕೈಗಳು ಏಳತೊಡಗಿದವು. ಐದನೇ ಬೆಂಚು, ಆರನೇ ಬೆಂಚು. ಅಷ್ಟರಲ್ಲಿ ನೋಡುತ್ತೇನೆ, ಫಕೀರವ್ವ ತಲೆ ಬಗ್ಗಿಸಿ ಬರೆಯುತ್ತಿದ್ದಾಳೆ. ಮಾತು ಅವಳಿಂದ ಮೂವತ್ತು ಬೆಂಚು ದೂರದಲ್ಲಿದೆ. ಅಧಿಕಾರಿ ಎದುರಿಗೆ, ನನ್ನ ಪದ್ಧತಿಗೇ ಮಸಿ. ನನಗೆ ತಡೆಯಲಾಗಲಿಲ್ಲ. ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಅಂದುಬಿಟ್ಟೆ, ಫಕೀರವ್ವ, ನೀನು ಕಳ್ಳಿ, ಇನ್ನು ಮೇಲೆ ನನ್ನ ಕ್ಲಾಸಿಗೆ ಬರಬೇಡ.

ಮೊದಲ ಬೆಂಚು ತಿರುಗಿ ಹಿಂದೆ ನೋಡಿತು. ಆಮೇಲೆ ಎರಡನೆಯದು. ಮಾತು ಎಲ್ಲಿಗೆ ಬಂದಿದೆಯೆಂದು ತಿರುಗುವ ತಲೆಗಳಿಂದಲೇ ಕಾಣುತ್ತಿತ್ತು. ಐವತ್ತು ಹೆಸರಿನ ಪಟ್ಟಿಯಲ್ಲಿ ಮೊದಲನೆಯದು ಸಿಕ್ಕಿತು ಎಂದುಕೊಂಡು ನಾನು ಪೆನ್ನಿಗೆ ಕೈ ಹಾಕಿದೆ.

"ಇದೇನ್ರಿ ಮೇಡಂ," ಎಂದು ಸಾಹೇಬರು ಪಕ್ಕದಿಂದ ಒಂದು ನೋಟುಬುಕ್ಕು ಚಾಚಿದರು. "ಈ ಹುಡುಗಿ ನೀವು ಹೇಳೂಕಿಂತ ಮೊದ್ಲ ಬರದಾಳ. ಅದೂ ಎಲ್ಲಾ ತಪ್ಪು."

ಹೊದಿಕೆಯ ಮೇಲೆ ಫಕೀರವ್ವನ ಹೆಸರಿತ್ತು. ಒಳಗೆ ಪ್ರತಿ ವಾಕ್ಯಕ್ಕೂ ಎರಡು ಸಾಲು, ಮೇಲೊಂದು ಪೆನ್ಸಿಲ್ಲಿನಲ್ಲಿ, ಕೆಳಗೊಂದು ಪೆನ್ನಿನಲ್ಲಿ. ಪೆನ್ಸಿಲ್ಲಿನ ಸಾಲು ನಾನು ಹೇಳಿದ್ದಲ್ಲವೇ ಅಲ್ಲ, ಬೇರೆ ಏನೇನೋ. ಪೆನ್ನಿನ ಸಾಲು ನಾನು ಹೇಳಿದ್ದೇ, ಚುಕ್ಕಿ ಸಮೇತ ಸರಿ. ಅಂಚಿನಲ್ಲಿ ಕನ್ನಡದಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳು. ಅಕ್ಕೋರು ಕಿಡಕಿ ಕಡೆ ನೋಡಿದರು, ಮಳೆಯ ವಾಕ್ಯ ಇರಬೇಕು. ಅಕ್ಕೋರ ಎಡಗಲ್ಲ ಕುಣಿಯಿತು, ತಮಾಷೆ ಬರುತ್ತದೆ. ಇವತ್ತು ಅಕ್ಕೋರ ಮಂಡಿ ನೋಯುತ್ತಿದೆ, ಸಣ್ಣ ವಾಕ್ಯ ಹೇಳುತ್ತಾರೆ.

ಹಿಂದಿನ ಪುಟಗಳನ್ನೂ ಒಂದೊಂದಾಗಿ ತಿರುವಿ ನೋಡಿದೆ. ಈ ಹುಡುಗಿ ಯಾರ ಹಾಳೆಯನ್ನೂ ನೋಡಿರಲಿಲ್ಲ, ನೋಡಿದ್ದರೆ ತಪ್ಪು ಬರೆಯುತ್ತಿರಲಿಲ್ಲ. ಮಾತು ಬರುವ ಆ ಎರಡು ನಿಮಿಷವನ್ನು ಸುಮ್ಮನೆ ಕಳೆಯದೆ, ನನ್ನ ಮುಖ ನೋಡಿ ಏನು ಬರಬಹುದೆಂದು ಊಹಿಸಿ ಬರೆದು, ಬಂದ ಮೇಲೆ ತಾಳೆ ನೋಡುತ್ತಿದ್ದಳು. ನನ್ನ ಕಲ್ಲುಮನಸ್ಸಿನ ಪರೀಕ್ಷೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹನ್ನೊಂದು ವರ್ಷದಿಂದ ನನ್ನ ಗಲ್ಲ ಕುಣಿಯುವುದನ್ನು ಗಮನಿಸಿದವರು ಇನ್ನೊಬ್ಬರಿರಲಿಲ್ಲ.

ತಲೆಯೆತ್ತಿದಾಗ ಹದಿನಾಲ್ಕನೇ ಬೆಂಚು ತಿರುಗುತ್ತಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ.

ಐವತ್ತಾರರ ಹೆಂಗಸು, ಇಷ್ಟು ದಪ್ಪ, ಕುಂಟುತ್ತ ಓಡುವುದನ್ನು ಕಂಡು ಸಾಹೇಬರು ಬೆಂಕಿಯೇ ಬಿತ್ತೆಂದುಕೊಂಡು ಎದ್ದು ನಿಂತರಂತೆ. ಹುಡುಗಿಯರಿಗೆ ಹಾಗೆ ಅನಿಸಲಿಲ್ಲ. ನಮ್ಮೂರಿನಲ್ಲಿ ಓಡುವುದರ ಅರ್ಥ ಎಲ್ಲರಿಗೂ ಗೊತ್ತು. ಚೀಲ ಎಳೆದುಕೊಂಡರು, ಕಾಲು ಮಡಚಿಕೊಂಡರು, ಒಬ್ಬಳು ದಾರಿಗೆ ಅಡ್ಡವಿದ್ದ ನೀರಿನ ಬಾಟ್ಲಿಯನ್ನು ಥಟ್ಟನೆ ಎತ್ತಿದಳು. ಇಪ್ಪತ್ತೊಂದನೇ ಬೆಂಚಿನ ಹತ್ತಿರ ನನ್ನ ಮಾತು ನನಗೇ ಸಿಕ್ಕಿತು. ಕಳ್ಳಿ ಎಂದು ನನ್ನ ದನಿ ನನ್ನ ಕಿವಿಯಲ್ಲೇ ಆಡಿತು. ಇಷ್ಟು ವರ್ಷ ಕಲಿಸಿದ್ದೇನೆ, ದೂರದಲ್ಲಿ ಕೂತವರಿಗೆ ನಾನು ಹೇಗೆ ಕೇಳಿಸುತ್ತೇನೆ ಎಂದು ಆವತ್ತೇ ಗೊತ್ತಾದದ್ದು. ನಾಚಿಕೆಯಿಂದ ಮೈ ಹಿಡಿಯಾಯಿತು. ಅದನ್ನು ಹಿಂದೆ ಬಿಟ್ಟು ಮಂಡಿಯ ಮೇಲೆ ಕೈಯೂರಿ ಕೊನೆಯ ಬೆಂಚು ಮುಟ್ಟಿದೆ.

ಫಕೀರವ್ವ ಗಾಬರಿಯಿಂದ ಎದ್ದು ನಿಂತಳು. ನನಗೆ ಉಸಿರು ಸಾಲುತ್ತಿರಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಆಡಬಾರದೆಂಬ ನನ್ನದೇ ನಿಯಮ ಬಾಯಿಗೆ ಅಂಟಿಕೊಂಡಿತ್ತು. ತಪ್ಪು ನನ್ನದು ಫಕೀರವ್ವ, ನನ್ನನ್ನು ಕ್ಷಮಿಸು ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎಡಗೈ ಒಮ್ಮೆ ಎತ್ತಿ ಇಳಿಸಿ, ಕೂತು, ಅದನ್ನು ಹಾಳೆಯಲ್ಲಿ ಬರೆದುಕೊಂಡಳು.

ಬರೆಯುವುದಲ್ಲ ಮಗಾ ಎನ್ನಲು ಬಾಯಿ ತೆರೆದೆ. ಅವಳು ಬೆರಳೆತ್ತಿ ನನ್ನನ್ನು ತಡೆದಳು. "ಒಂದೀಟು ತಡೀರಿ ಅಕ್ಕೋರ, ಒಂಬತ್ತನೇದು ಬರಾಕತ್ತೈತಿ."

ನಾವಿಬ್ಬರೂ ಕಾದೆವು. ಒಂಬತ್ತನೇ ವಾಕ್ಯ ಬಂತು, ಮುಂದೆ ನಿಂತು ನಾನೇ ಹೇಳಿದ್ದು, ಎಲ್ಲರೂ ಬಂದ ಮೇಲೆಯೇ ಬಸ್ಸು ಹೊರಡುತ್ತದೆ. ಅವಳು ಪೆನ್ಸಿಲ್ಲಿನ ಊಹೆಯ ಮೇಲೆ ಗೆರೆ ಎಳೆದು, ಪೆನ್ನಿನಿಂದ ನಿಧಾನವಾಗಿ ಬರೆದಳು. ಅಷ್ಟರಲ್ಲಿ ಮೂವತ್ತೆರಡನೇ ಬೆಂಚು ತಿರುಗಿ ಅವಳತ್ತ ನೋಡಿತು. ಮೂವತ್ತಮೂರು. ನಾನು ಎರಡೂ ಕೈ ಚಾಚಿ ಅವಳ ಕಿವಿಯ ಹತ್ತಿರ ತಂದೆ.

ಅವಳು ನನ್ನ ಮುಂಗೈ ಹಿಡಿದುಕೊಂಡಳು. ಸೂಜಿ ಹಿಡಿದು ಗಟ್ಟಿಯಾದ ಬೆರಳು.

"ಮುಚ್ಚಬ್ಯಾಡ್ರಿ ಅಕ್ಕೋರ. ಕೇಳಿಸ್ಕೊಳ್ಳೂ ಪರೀಕ್ಷಾ ಅಲ್ಲೇನ್ರಿ ಇದು. ಬಂದಿದ್ದೆಲ್ಲಾ ಕೇಳಬೇಕಂತ ನೀವ ಹೇಳೀರಿ."

"ಬ್ಯಾಡ ಮಗಾ. ಅದು ಭಾಳ ಕೆಟ್ಟ ಮಾತೈತಿ."

"ಗೊತ್ತೈತ್ರಿ," ಎಂದಳು. "ನಿಮ್ಮ ಮಾರಿ ನೋಡೇ ಗೊತ್ತಾತು."

ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಮಾತು ಬಂತು. ಕಳ್ಳಿ ಎಂಬಲ್ಲಿ ಅವಳ ಬೆರಳು ಬಿಗಿಯಾದವು. ಬರಬೇಡ ಎಂಬಲ್ಲಿ ಕಣ್ಣಲ್ಲಿ ನೀರು ತುಂಬಿ ಒಂದು ಹನಿ ಹಾಳೆಯ ಅಂಚಿಗೆ ಬಿತ್ತು. ಅದನ್ನು ಲಂಗದ ಅಂಚಿನಿಂದ ಒತ್ತಿ, ಎಡಗೈ ಎತ್ತಿ ಇಳಿಸಿ, ಹತ್ತು ಎಂದು ಅಂಕಿ ಹಾಕಿ, ನಾನು ಅಂದದ್ದನ್ನು ಅಂದ ಹಾಗೇ ಬರೆದಳು. ನಾನು ಅವಳ ಪಕ್ಕ ಬೆಂಚಿನ ತುದಿಯಲ್ಲಿ ಕೂತುಬಿಟ್ಟೆ. ನಮ್ಮ ಮನೆಯವರ ಆ ಮಾತು ನೆನಪಾಯಿತು. ಅದನ್ನು ಕೇಳಿಸಿಕೊಂಡಿದ್ದರೂ ನಾನೇನೂ ಮುರಿದು ಬೀಳುತ್ತಿರಲಿಲ್ಲ. ಅವರ ದನಿ ಇನ್ನೊಂದು ಸಲ ಸಿಕ್ಕಿರುತ್ತಿತ್ತು.

ಪಟ್ಟಿ ಎಲ್ಲಿ ಎಂದು ಸಾಹೇಬರು ಕೇಳಿದರು. ನೂರಾ ನಲವತ್ತನಾಲ್ಕು ಜನರ ನೋಟುಬುಕ್ಕು ನಾನಿನ್ನೂ ಸರಿಯಾಗಿ ಓದಿಲ್ಲ, ಓದದೆ ಯಾರನ್ನೂ ಬಿಡಿಸುವುದಿಲ್ಲ, ಓದಲು ಈ ವರ್ಷವೆಲ್ಲ ಬೇಕಾದೀತು ಎಂದು ಹತ್ತಿರ ಹೋಗಿ ಹೇಳಿದೆ. ಅವರಿಗೆ ಸಿಟ್ಟು ಬಂತು. ಗೇಟಿನ ಹತ್ತಿರ ಹೋಗಿ ಜೀಪು ಹತ್ತುವಾಗ ನನ್ನತ್ತ ಬೆರಳು ಮಾಡಿ ಏನೋ ಕೂಗಿದರು. ಅದು ಬಂದು ಮುಟ್ಟುವ ಮೊದಲು ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಸಂಜೆ ಕಟ್ಟೆಯ ಮೇಲೆ ಕೂತು ಉತ್ತರಪತ್ರಿಕೆ ತಿದ್ದಿದೆ, ಈ ಸಲ ಕೊನೆಯ ಬೆಂಚಿನಿಂದ. ಫಕೀರವ್ವನ ಹಾಳೆ ಮೊದಲಿಗೇ ಇತ್ತು. ಎಂಟು ವಾಕ್ಯ ಸರಿ. ಆಮೇಲೆ ಅಂಕಿ ಹಾಕದೆ ನನ್ನ ಕ್ಷಮೆ. ಆಮೇಲೆ ಬಸ್ಸು. ಆಮೇಲೆ ಬೈಗುಳ. ನಾನು ಬೈಗುಳಕ್ಕಿಂತ ಮುಂದೆ ಓಡಿ ಬಂದದ್ದರಿಂದ ಅವಳ ಹಾಳೆಯಲ್ಲಿ ಕ್ಷಮೆಯೇ ಮೊದಲಾಗಿತ್ತು, ತಪ್ಪು ಆಮೇಲೆ. ಹತ್ತನೆಯದನ್ನು ಎರಡು ಸಲ ಓದಿದೆ. ಒಂದು ಅಕ್ಷರವೂ ಅತ್ತಿತ್ತ ಆಗಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಬರೆದರೆ ವಾಕ್ಯಕ್ಕೆ ಎರಡು ಅಂಕ ಎಂಬುದು ನಿಯಮ, ಅಳುತ್ತ ಅದಕ್ಕೂ ಎರಡು ಅಂಕ ಹಾಕಿದೆ. ಇಪ್ಪತ್ತಕ್ಕೆ ಇಪ್ಪತ್ತು. ಹಾಳೆ ತಿರುವಿ ಇಡಬೇಕೆನ್ನುವಾಗ ಕೆಳಗೆ ಇನ್ನೊಂದು ಸಾಲು ಕಂಡಿತು. ಹನ್ನೊಂದು ಎಂದು ಅಂಕಿ ಹಾಕಿ, ಪೆನ್ಸಿಲ್ಲಿನಲ್ಲಿ, ಇಂಗ್ಲಿಷಿನಲ್ಲಿ: ಫಕೀರವ್ವ, ನಾಳೆ ಕ್ಲಾಸಿಗೆ ಬಾ. ಅದರ ಕೆಳಗೆ ಪೆನ್ನಿನ ಸಾಲಿಗೆ ಜಾಗ ಖಾಲಿ ಬಿಟ್ಟಿದ್ದಳು.

ಮರುದಿನ ಹೋದಾಗ ಅವಳು ಬಂದಿದ್ದಳು, ತನ್ನ ಜಾಗದಲ್ಲೇ, ಗೋಡೆಗೆ ಒತ್ತಿಕೊಂಡು. ಅವಳ ಹಾಳೆಯನ್ನು ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ಕಳಿಸಿದೆ. ಮುಖ್ಯವಾದದ್ದನ್ನು ಹತ್ತಿರ ಹೋಗಿ ಹೇಳುವುದು ರೂಢಿ, ಆದರೆ ಬೈದದ್ದು ಮೂವತ್ತಾರು ಬೆಂಚನ್ನೂ ಹಾದು ಹೋಗಿತ್ತು, ಇದೂ ಅದೇ ದಾರಿಯಲ್ಲಿ ಹೋಗಬೇಕು ಅನ್ನಿಸಿತು. ಹಾಳೆ ಅವಳ ಕೈ ಸೇರಿದ್ದು ಕಂಡ ಮೇಲೆ ಹಲಗೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ, ನಿನ್ನೆಯಷ್ಟೇ ಗಟ್ಟಿಯಾಗಿ ಹೇಳಿದೆ, ಫಕೀರವ್ವ, ನಾಳೆ ಕ್ಲಾಸಿಗೆ ಬಾ.

ಮೊದಲ ಬೆಂಚು ತಿರುಗಿ ಹಿಂದೆ ನೋಡಿತು. ಎರಡನೆಯದು, ಮೂರನೆಯದು. ನಾನು ಮಂಡಿಗೆ ಆಧಾರವಾಗಿ ಮೇಜು ಹಿಡಿದು ನಿಂತೆ. ಮಾತು ಇನ್ನೂ ಎಂಟನೇ ಬೆಂಚನ್ನು ದಾಟಿರಲಿಲ್ಲ, ಆ ತುದಿಯಲ್ಲಿ ಫಕೀರವ್ವ ಆಗಲೇ ನಗುತ್ತ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಳು.